ಇಳಕಲ್ ಸೀರೆಗೆ ಕತ್ತರಿ

ಉಡದ ಸೀರೆಯನ್ನು ವರ್ಷಗಟ್ಟಲೆ ಟ್ರಂಕಿನಲ್ಲಿ ಮಡಚಿಟ್ಟರೆ ಅದು ಉಳಿಯುವುದಿಲ್ಲ. ಮಡಿಕೆ ಬಿದ್ದ ಗೆರೆಯಲ್ಲೇ ಮೊದಲು ಹರಿಯುತ್ತದೆ. ಜರಿ ಇದ್ದರಂತೂ ಇನ್ನೂ ಬೇಗ. ನೆನಪಿಗೆ ಅಂತ ಇಟ್ಟ ಬಟ್ಟೆ ಯಾರ ಮೈಗೂ ತಾಗದೆ ಪುಡಿಯಾಗುವುದನ್ನು ನೋಡಲು ನನಗೆ ಆಗುವುದಿಲ್ಲ. ಅದಕ್ಕೇ ಈ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಜ್ಜಿಯ ಟ್ರಂಕು ಅಟ್ಟದಿಂದ ಇಳಿದ ಕೂಡಲೇ ಅತ್ತೆಯವರನ್ನು ನೇರವಾಗಿ ಕೇಳಿದೆ. ಇವುಗಳಿಂದ ಕೌದಿ ಹೊಲಿಯಲಾ? ಕೌದಿ ಅಂದರೆ ಹಳೇ ಬಟ್ಟೆಗಳನ್ನು ಪದರು ಪದರಾಗಿ ಸೇರಿಸಿ ಹೊಲಿದ ಹೊದಿಕೆ.

ಅಜ್ಜಿ ಅಂದರೆ ನಮ್ಮನೆಯವರ ತಂದೆಯ ತಾಯಿ. ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಕೊನೆಯವರೆಗೂ ಉಟ್ಟಿದ್ದು ಇಳಕಲ್ ಸೀರೆ, ತೊಟ್ಟಿದ್ದು ಗುಳೇದಗುಡ್ಡ ಖಣದ ಕುಪ್ಪಸ. ಖಣ ಅಂದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ಬೇರೆ ಬಟ್ಟೆ ಅವರ ಮೈಮೇಲೆ ಯಾರೂ ನೋಡಿಲ್ಲ. ಟ್ರಂಕಿನಲ್ಲಿ ಇದ್ದದ್ದೂ ಅವೇ. ದಿನಾ ಉಟ್ಟು ಮೆತ್ತಗಾದ ಹತ್ತಿ ಸೀರೆಗಳು, ಖಣದ ತುಂಡುಗಳು, ಒಂದು ಕಪ್ಪು ಚಂದ್ರಕಾಳಿ ಸೀರೆ.

ನಮ್ಮ ನಾದಿನಿಗೆ ಈ ಮಾತು ಹಿಡಿಸಲಿಲ್ಲ. ಅಜ್ಜಿಯ ಸೀರೆಗೆ ಕತ್ತರಿ ಹಾಕೋದಾ ಅಂತ ಫೋನಿನಲ್ಲೇ ಬೇಜಾರು ಮಾಡಿಕೊಂಡಳು. ಅವಳ ಮಾತೂ ತಪ್ಪಲ್ಲ. ಅತ್ತೆಯವರು ಮಾತ್ರ ಒಂದು ಸೀರೆ ಬಿಚ್ಚಿ ಬೆಳಕಿಗೆ ಹಿಡಿದರು. ಮಡಿಕೆಯ ಗೆರೆಯುದ್ದಕ್ಕೂ ನೂಲು ಕಾಣುತ್ತಿತ್ತು. "ಹೊಲಿ. ಆಕಿ ಇದ್ದಿದ್ರ ಇಷ್ಟೊತ್ತಿಗೆ ತಾನೇ ಹೊಲೀತಿದ್ಲು" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಆದರೆ ಎಲ್ಲ ಸೀರೆಗೂ ಕತ್ತರಿ ಅಲ್ಲ. ಚಂದ್ರಕಾಳಿಯನ್ನು ನಾವು ಮುಟ್ಟಲಿಲ್ಲ. ಅದರ ಸೆರಗಿನ ಹತ್ತಿರ ಕೈಕಸೂತಿ ಇದೆ. ತೇರು, ಗೋಪುರ, ಆನೆ, ತುಳಸಿಕಟ್ಟೆ. ಎಳೆ ಎಣಿಸಿ ಹಾಕಿದ ಗವಂತಿ ಮತ್ತು ಮುರ್ಗಿ ಹೊಲಿಗೆ, ಅಲ್ಲಲ್ಲಿ ನೇಗಿ, ಮೆಂತೆ ಹೊಲಿಗೆ. ಒಳ್ಳೆ ಕಸೂತಿಯಲ್ಲಿ ಗಂಟು ಇರುವುದಿಲ್ಲ. ಗವಂತಿ, ಮುರ್ಗಿ ಎರಡೂ ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ. ಮಗಳು ಸೀರೆ ತಿರುಗಿಸಿ ತಿರುಗಿಸಿ ನೋಡಿದಳು, ಯಾವುದು ಹಿಂದಿನ ಮಗ್ಗುಲು ಅಂತ ಗೊತ್ತಾಗಲಿಲ್ಲ. ಅಂಥದ್ದನ್ನು ಕತ್ತರಿಸಬಾರದು. ಗಾಳಿಗೆ ಹಾಕಿ, ಮಡಿಕೆ ಬದಲಾಯಿಸಿ, ಹಳೇ ಮೆತ್ತನೆ ಪಂಚೆಯಲ್ಲಿ ಸುತ್ತಿ ಇಟ್ಟಿದ್ದೇವೆ. ಮಗಳು ದೊಡ್ಡವಳಾದ ಮೇಲೆ ಉಡಲಿ. ದಿನಬಳಕೆಯ ಸೀರೆ ಬೇರೆ ಮಾತು. ಅವು ಕೆಲಸ ಮಾಡಿ ಬಂದ ಬಟ್ಟೆ. ಅವಕ್ಕೆ ಇನ್ನೂ ಕೆಲಸ ಕೊಡಬೇಕು.

ಇಳಕಲ್ ಸೀರೆಯನ್ನು ಕತ್ತರಿಸುವ ಮುಂಚೆ ಒಮ್ಮೆ ಅದರ ಸೆರಗು ಮೈಗೆ ಸೇರುವ ಜಾಗವನ್ನು ಬೆರಳಲ್ಲಿ ಸವರಿ ನೋಡಿ. ಮೈಯ ಹಾಸು, ಅಂದರೆ ಉದ್ದಕ್ಕೆ ಓಡುವ ನೂಲು ಬೇರೆ, ಸೆರಗಿನ ಹಾಸು ಬೇರೆ. ಮೈಯ ನೂಲನ್ನೂ ಸೆರಗಿನ ನೂಲನ್ನೂ ಕುಣಿಕೆ ಮಾಡಿ, ಒಂದರೊಳಗೊಂದು ಸಿಕ್ಕಿಸಿ ನೇಯುತ್ತಾರೆ. ಅದನ್ನೇ ಕೊಂಡಿ ಅನ್ನುವುದು. ಕೆಂಪು ಸೆರಗಿನ ಮೇಲೆ ಬಿಳಿ ಹಲ್ಲು ಹಲ್ಲಾಗಿ ಕಾಣುವುದು ಟೋಪ್ ತೆನಿ. ನಮ್ಮ ಅಜ್ಜಿಯ ಸೀರೆಗಳಲ್ಲಿ ಮೈ ಸವೆದಿದ್ದರೂ ಈ ಕೊಂಡಿ ಒಂದೂ ಬಿಟ್ಟಿರಲಿಲ್ಲ. ಹಾಗಾಗಿ ಸೆರಗುಗಳನ್ನು ಕೊಂಡಿ ಸಮೇತ ಇಡಿಯಾಗಿ ಬಿಡಿಸಿಕೊಂಡು ಕೌದಿಯ ನಡುವೆ ಹಾಕಬೇಕು ಅಂತ ನಿರ್ಧರಿಸಿದೆ. ಸೀರೆಯ ಅಂಚಿನ ಚಿಕ್ಕಿ ದಡಿ, ಗೋಮಿ ದಡಿ ಎಲ್ಲ ಕೌದಿಯ ಸುತ್ತಲೂ ಅಂಚಿಗೆ.

ಕೌದಿ ಹೊಲಿಯುವವರಿಗೆ ನನ್ನದು ಒಂದೇ ಕಳಕಳಿಯ ಮಾತು. ಹತ್ತಿಯ ಜೊತೆ ನೈಲಾನ್, ಪಾಲಿಸ್ಟರ್ ಬೆರೆಸಬೇಡಿ. ಒಗೆದ ಮೇಲೆ ಹತ್ತಿ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ, ಕೌದಿ ಅಲ್ಲಲ್ಲಿ ಉಬ್ಬಿಕೊಳ್ಳುತ್ತದೆ. ಬೆವರೂ ಹೀರುವುದಿಲ್ಲ. ಹೊಸ ಬಟ್ಟೆ ಸೇರಿಸುವುದಿದ್ದರೆ ಮೊದಲು ಒಗೆದು ಒಣಗಿಸಿ. ಬಣ್ಣ ಬಿಡುತ್ತದೋ ಇಲ್ಲವೋ ಅಂತ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಕೌದಿಯ ಕೆಳಪದರಿಗೆ ಹಾಸಲು ಐದೂವರೆ ಮೀಟರಿನ ಒಂದು ಸೀರೆ ಸಾಕು. ಅದನ್ನು ನಡುವೆ ಕತ್ತರಿಸಿ ಎರಡು ತುಂಡನ್ನು ಉದ್ದುದ್ದ ಜೋಡಿಸಿದರೆ ಇಬ್ಬರು ಹೊದೆಯುವಷ್ಟು ದೊಡ್ಡ ಕೌದಿಯ ಅಸ್ತರು ಸಿಗುತ್ತದೆ.

ಜೋಡಿಸುವ ಕೆಲಸಕ್ಕೆ ನನ್ನ ಹಳೇ ಉಷಾ ಮಷೀನ್ ಇದೆ. ಆದರೆ ಕೌದಿಯ ಹೊಲಿಗೆ ಮಾತ್ರ ಕೈಯಲ್ಲೇ ಆಗಬೇಕು. ಮಷೀನಿನ ಹೊಲಿಗೆ ಬಟ್ಟೆಯನ್ನು ಬಿಗಿ ಮಾಡುತ್ತದೆ. ಕೈಹೊಲಿಗೆಯಲ್ಲಿ ಕೌದಿ ಸಡಿಲವಾಗಿ ಮೈಗೆ ಹೊಂದಿಕೊಳ್ಳುತ್ತದೆ.

ಪಡಸಾಲೆ ಖಾಲಿ ಮಾಡಿ ಅಸ್ತರು ಹಾಸಿದೆವು. ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟೆವು. ಅದರ ಮೇಲೆ ಹಳೇ ಧೋತರ, ಚಾದರ, ಅದರ ಮೇಲೆ ಸೀರೆಯ ತುಂಡುಗಳು. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಎಲ್ಲ ಪದರು ಹಿಡಿಸಿದೆವು. ಆಮೇಲೆ ದಪ್ಪ ಹತ್ತಿ ದಾರದಲ್ಲಿ ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬರುವುದು. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ಊಟ ಆದ ಮೇಲೆ ಅತ್ತೆಯವರು ಒಂದು ಬದಿ ಕೂರುತ್ತಿದ್ದರು, ನಾನು ಒಂದು ಬದಿ. ಎದುರು ಮನೆಯ ಹಿರಿಯಮ್ಮ ಕನ್ನಡಕ ಹಾಕಿಕೊಂಡು ಇನ್ನೊಂದು ಬದಿ. ಅವರ ಟಾಕಾ ನನ್ನದಕ್ಕಿಂತ ಸಣ್ಣ, ನನಗಿಂತ ನೇರ. ನೋಡುತ್ತಾ ಕೂತರೂ ಸಾಕು ಅನ್ನಿಸುತ್ತಿತ್ತು.

ಕೌದಿಯ ಸುತ್ತ ಕೂತಾಗ ಬರುವ ಮಾತೇ ಬೇರೆ. ಎಲ್ಲರ ಕಣ್ಣೂ ಸೂಜಿಯ ಮೇಲೆ ಇರುತ್ತದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಹಾಗಾಗಿ ಮಾತು ಸಲೀಸಾಗಿ ಹೊರಗೆ ಬರುತ್ತದೆ. ಅತ್ತೆಯವರು ಮದುವೆಯಾಗಿ ಬಂದ ಮೊದಲ ವರ್ಷದ ಕಥೆ ಹೇಳಿದ್ದು ಹಾಗೇ. ತವರಿನ ನೆನಪಾಗಿ ಅಳುತ್ತಿದ್ದಾಗ ಅಜ್ಜಿ ಒಂದು ಮಾತೂ ಆಡದೆ, ತಮ್ಮ ಹೊಸ ಖಣವನ್ನು ತಂದು ಅವರ ಮಡಿಲಿಗೆ ಹಾಕಿದ್ದರಂತೆ. ಆ ಖಣದ ಕುಪ್ಪಸ ಸವೆದು ಹೋದ ಮೇಲೂ ಅದರ ಒಂದು ತುಂಡು ಅತ್ತೆಯವರ ಹತ್ತಿರ ಇತ್ತು. ಎದ್ದು ಹೋಗಿ ತಂದರು. ಈಗ ಅದು ಕೌದಿಯಲ್ಲಿದೆ, ಕಡುನೇರಳೆ ಬಣ್ಣದ್ದು, ಕೆಂಪು ಸೆರಗಿನ ಪಕ್ಕ.

ಮೂಲೆಗಳಿಗೆ ಬಟ್ಟೆ ಸಾಲಲಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ ನೀವು ನೋಡಿರಬಹುದು. ಅವರೂ ಅಂಚಿನಿಂದ ಸುತ್ತುತ್ತಾ ಬಂದು ನಡುವೆ ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಫುಲ ಹಚ್ಚುತ್ತಾರೆ. ಫುಲ ಇಲ್ಲದ ಕೌದಿ ಅವರ ಪಾಲಿಗೆ ಪೂರ್ತಿಯಾದದ್ದಲ್ಲ. ಬಣ್ಣ ಜೋಡಿಸುವುದರಲ್ಲಿ ಅವರ ಧೈರ್ಯ ನನಗೆ ಬಹಳ ಇಷ್ಟ. ನಮ್ಮ ಕೌದಿಗೂ ಅವರಿಂದ ಕಲಿತು ಮೂಲೆಗೆ ಫುಲ ಇಡಬೇಕು, ಅದೂ ಖಣದ್ದೇ ಆಗಬೇಕು ಅನ್ನಿಸಿತು. ಹುಬ್ಬಳ್ಳಿಯ ಅಂಗಡಿಯಲ್ಲೂ ಖಣ ಸಿಗುತ್ತದೆ. ಆದರೆ ಅಜ್ಜಿಯ ಊರಿನಿಂದಲೇ ತರೋಣ ಎಂದರು ನಮ್ಮನೆಯವರು. ಮಕ್ಕಳಿಗೆ ಡಿಸೆಂಬರಿನಲ್ಲಿ ರಜೆ ಇತ್ತು. ಹೊರಟೆವು.

ಗುಳೇದಗುಡ್ಡಕ್ಕೆ ನಾವು ಹೋದದ್ದು ಬಾದಾಮಿ ಮೇಲೆ. ಬಾದಾಮಿಗೆ ರೈಲಿನಲ್ಲಿ ಹೋಗುವುದೇ ಚೆಂದ. ಅಣ್ಣಿಗೇರಿ, ಗದಗ, ಹೊಳೆಆಲೂರು ದಾಟಿ ಹೋಗುತ್ತದೆ. ಎರಡೂ ಕಡೆ ಎರೆ ಹೊಲ, ಎದ್ದು ನಿಂತ ಬಿಳಿಜೋಳ, ನೆಲಕ್ಕೆ ಹತ್ತಿದ ಹಸಿರು ಕಡಲೆ. ಬುತ್ತಿ ಕಟ್ಟಿಕೊಂಡಿದ್ದೆವು. ಖಡಕ್ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬುತ್ತಿಯ ಚೀಲ ನಾನೇ ಹೊಲಿದದ್ದು, ಹಳೇ ಜೀನ್ಸ್ ಪ್ಯಾಂಟಿನ ಬಟ್ಟೆ. ಒಳಗೆ ರೊಟ್ಟಿ ಮುರಿಯದ ಹಾಗೆ ಚಪ್ಪಟೆ ಜೇಬು ಇಟ್ಟಿದ್ದೇನೆ. ಪಕ್ಕದ ಸೀಟಿನ ಹೆಣ್ಣುಮಗಳು ಅದನ್ನು ಬಿಚ್ಚಿ ನೋಡಿ, ಅಳತೆ ಕೇಳಿ ಬರೆದುಕೊಂಡರು.

ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರ್. ಆಟೋದಲ್ಲಿ ಹೋಗಿ ಸಾಮಾನು ಇಟ್ಟು, ಬಿಸಿಲೇರುವ ಮುಂಚೆ ಗುಹೆಗಳಿಗೆ ಹತ್ತಿದೆವು. ಮಗ ಮೊದಲ ಗುಹೆಯ ನಟರಾಜನ ಕೈ ಎಣಿಸಿ 18 ಸಿಕ್ಕಿತು ಅಂತ ಕೂಗಿದ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಲೇಶ ಮಾಡಿಸಿದ್ದು, 578ರ ಶಾಸನ ಅಲ್ಲೇ ಇದೆ. ಕಂಬಗಳ ಮೇಲಿನ ಜೋಡಿಗಳ ಸೊಂಟದ ಬಟ್ಟೆ, ಅದರ ನೆರಿಗೆ, ಗಂಟು ನೋಡುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ಅತ್ತೆಯವರು ಮೆಟ್ಟಿಲು ಹತ್ತಲಿಲ್ಲ. ಕೆಳಗೆ ಮಾವನವರ ಜೊತೆ ಕೂತು, ಕೋತಿಗಳಿಂದ ಬುತ್ತಿ ಕಾಯ್ದರು.

ಮಧ್ಯಾಹ್ನ ಬನಶಂಕರಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಅಲ್ಲಿ ತೇರು, ದೊಡ್ಡ ಜಾತ್ರೆ, ಸಾಲುಸಾಲು ನಾಟಕ ಕಂಪನಿಗಳು. ನಾವು ಹೋದಾಗ ಇನ್ನೂ ಶುರುವಾಗಿರಲಿಲ್ಲ, ಆರಾಮಾಗಿ ದರ್ಶನ ಆಯಿತು. ಅತ್ತೆಯವರು ದೇವಿಗೆ ಉಡಿ ತುಂಬಿದರು. ಖಣ, ಕಾಯಿ, ಅಕ್ಕಿ, ಉತ್ತತ್ತಿ, ಅರಿಶಿನ ಬೇರು. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ಜೋಳದ ರೊಟ್ಟಿ, ಕೆಂಪು ಚಟ್ನಿ, ಮಣ್ಣಿನ ಕುಡಿಕೆಯ ಮೊಸರು ತಿನ್ನದೆ ಬನಶಂಕರಿಯಿಂದ ಯಾರೂ ಬರಬಾರದು. ನಮ್ಮ ಬುತ್ತಿ ಇನ್ನೂ ಮಿಕ್ಕಿತ್ತು. ಆದರೂ ತಿಂದೆವು.

ಮರುದಿನ ಗುಳೇದಗುಡ್ಡ. ಬಾದಾಮಿಯಿಂದ ದೂರವೇನಿಲ್ಲ, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಪಟ್ಟದಕಲ್ಲು, ಐಹೊಳೆ ಮಾತ್ರ ನೋಡಿ ವಾಪಸ್ ಹೋಗುವವರು ಜಾಸ್ತಿ. ಒಂದು ಹೊತ್ತು ಈ ಊರಿಗೂ ಬನ್ನಿ ಎಂದು ನಾನು ಕೇಳಿಕೊಳ್ಳುತ್ತೇನೆ. ಓಣಿಯಲ್ಲಿ ನಡೆಯುವಾಗ ಮಗ್ಗದ ಸದ್ದು ಕೇಳುತ್ತದೆ. ದೂರದ ಸಂಬಂಧಿಯೊಬ್ಬರು ನಮ್ಮನ್ನು ಒಬ್ಬ ಹಿರಿಯ ನೇಕಾರರ ಮನೆಗೆ ಕರೆದುಕೊಂಡು ಹೋದರು. ಕುಣಿಮಗ್ಗ. ನೇಯುವವರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಮಗ್ಗ ನೆಲದ ಮಟ್ಟಕ್ಕೇ ಇರುತ್ತದೆ. ಅವರು ನೇಯುತ್ತಿದ್ದ ಖಣದ ಮೈತುಂಬ ಸಣ್ಣ ಸಣ್ಣ ಬುಟ್ಟಾ, ಎರಡೂ ಬದಿ ದಡಿ. ಕುಪ್ಪಸ ಹೊಲಿಯುವಾಗ ಆ ದಡಿ ತೋಳಿಗೆ ಬರುವ ಹಾಗೆ ಕತ್ತರಿಸಬೇಕು. ಮಗಳು ಮಗ್ಗದ ಪಕ್ಕ ಕೂತು ಲಾಳಿ ಓಡುವುದನ್ನು ನೋಡಿದಳು. ಅವಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಆ ಹಿರಿಯರ ಮಕ್ಕಳು ಯಾರೂ ಮಗ್ಗಕ್ಕೆ ಕೂರುವುದಿಲ್ಲವಂತೆ. ಇಡೀ ದಿನ ಕೂತರೂ ಸಿಗುವ ಕೂಲಿ ಸಾಲುವುದಿಲ್ಲ ಎಂದರು. ಇದನ್ನು ಕೇಳಿ ನನಗೆ ಸಂಕಟವಾಯಿತು. ಈಗ ಪೇಟೆಯಲ್ಲಿ ಖಣದ ಕುರ್ತಾ, ಖಣದ ಪರ್ಸು, ಖಣದ ಕಿವಿಯೋಲೆ ಎಲ್ಲ ಬಂದಿವೆ. ಒಳ್ಳೆಯದೇ. ಆದರೆ ಅದರಲ್ಲಿ ಪವರ್‌ಲೂಮಿನ ಪಾಲಿಸ್ಟರ್ ಖಣವೂ ಸೇರಿಕೊಂಡಿದೆ. ಚೀಲಕ್ಕೆ ಅದು ನಡೆಯುತ್ತದೆ. ಮೈಮೇಲೆ ಹಾಕುವುದಕ್ಕೆ, ದೇವಿಯ ಉಡಿಗೆ ಕೈಮಗ್ಗದ್ದನ್ನೇ ಕೇಳಿ ತೆಗೆದುಕೊಳ್ಳಿ. ಬೆಲೆ ಜಾಸ್ತಿ ಆಗುತ್ತದೆ, ಆದರೆ ಆ ದುಡ್ಡು ಗುಂಡಿಯಲ್ಲಿ ಕೂತವರಿಗೆ ಸಿಗಬೇಕು ಅಲ್ವಾ? ನಾವು ಅವರ ಮನೆಯಲ್ಲೇ ಖಣ ಕೊಂಡೆವು. ಮೂಲೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ. ನಾದಿನಿಗೂ ಒಂದು, ಹಸಿರು ಮೈ, ಕೆಂಪು ದಡಿ.

ಸಂಕ್ರಾಂತಿಯ ಹೊತ್ತಿಗೆ ಕೌದಿ ಮುಗಿಯಿತು. ಕೊನೆಯ ಮೂಲೆ ಮುಚ್ಚುವ ಮುಂಚೆ ಅತ್ತೆಯವರು ಒಣ ರೊಟ್ಟಿಯ ಒಂದು ಚೂರು ಒಳಗಿಟ್ಟು ಹೊಲಿದರು. ಅಜ್ಜಿ ಹಾಗೇ ಮಾಡುತ್ತಿದ್ದರಂತೆ, ಹೊದ್ದವರು ಹಸಿದು ಮಲಗಬಾರದು ಅಂತ. ಆಮೇಲೆ ಅದರ ಮೇಲೆ ಫುಲ ಕೂತಿತು. ಹಬ್ಬಕ್ಕೆ ಬಂದ ನಾದಿನಿ ಕೌದಿಯನ್ನು ಹರವಿ, ಯಾವ ತುಂಡು ಯಾವ ಸೀರೆಯದು ಅಂತ ಒಂದೊಂದಾಗಿ ಗುರುತು ಹಿಡಿದಳು. ನನಗೆ ಗೊತ್ತಿಲ್ಲದ್ದೂ ಅವಳಿಗೆ ಗೊತ್ತಿತ್ತು. ಇದು ಉಟ್ಟು ನನ್ನನ್ನು ಶಾಲೆಗೆ ಬಿಡುತ್ತಿದ್ದರು, ಇದರ ಸೆರಗಿನಲ್ಲಿ ಪುಟಾಣಿ ಕಟ್ಟಿಕೊಂಡು ಬರುತ್ತಿದ್ದರು ಅಂತ. ಆ ರಾತ್ರಿ ಅವಳೇ ಅದನ್ನು ಹೊದ್ದು ಮಲಗಿದಳು. ಈಗ ಮಕ್ಕಳಿಬ್ಬರ ನಡುವೆ ದಿನಾ ಜಗಳ, ಸೆರಗಿನ ಕಡೆ ನನ್ನದು, ನೇರಳೆ ಖಣದ ಕಡೆ ನನ್ನದು ಅಂತ.

ಮುಂದಿನ ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ, ಕೌದಿ ಎಲ್ಲ ಒಗೆಯುವಾಗ ಇದನ್ನು ಹೊಳೆಗೇ ಒಯ್ಯೋಣ ಎಂದು ಮಾವನವರು ಈಗಲೇ ಹೇಳಿಟ್ಟಿದ್ದಾರೆ. ಮಲಪ್ರಭೆಗೆ ಹೋಗಿ, ಒಗೆದು, ದಂಡೆಯ ಮೇಲೆ ಹರವಿ, ಒಣಗುವ ತನಕ ಬುತ್ತಿ ಬಿಚ್ಚಿ ಊಟ ಮಾಡುವುದು. ಅವರು ಹುಡುಗರಿದ್ದಾಗ ಹಾಗೇ ಮಾಡುತ್ತಿದ್ದರಂತೆ.

ಅದಕ್ಕೂ ಮುಂಚೆ ಇನ್ನೊಂದು ಕೆಲಸ ಇದೆ. ನಾದಿನಿಗೆ ಬೇಸಿಗೆಯಲ್ಲಿ ಹೆರಿಗೆ. ತೊಟ್ಟಿಲಿಗೆ ಕೌದಿ ಬೇಕು, ಅಜ್ಜಿಯ ಸೀರೆಯದೇ ಆಗಬೇಕು ಅಂತ ಅವಳೇ ಕೇಳಿದ್ದಾಳೆ. ಟ್ರಂಕಿನಲ್ಲಿ ಇನ್ನೊಂದು ಮೆತ್ತನೆ ಸೀರೆ ಉಳಿದಿದೆ. ಒಳಗಿನ ಪದರಿಗೆ ಮಾವನವರ ಎರಡು ಹಳೇ ಧೋತರ ಒಗೆದು ಬಿಸಿಲಿಗೆ ಹಾಕಿದ್ದೇನೆ. ಎದುರು ಮನೆಯ ಹಿರಿಯಮ್ಮನಿಗೆ ಸೋಮವಾರದಿಂದ ಬನ್ನಿ ಎಂದು ಹೇಳಿಯೂ ಆಗಿದೆ.