ಏರ್ ರೈಫಲ್‌ಗೆ ಬದಲಿ ಮರದ ಸ್ಟಾಕ್ ತರಿಸಬಹುದಾ?

"ಸ್ಟಾಕ್ ಸೀಳಿದೆ. ಆನ್‌ಲೈನಲ್ಲಿ ಇದೇ ಮಾಡೆಲ್‌ಗೆ ವಾಲ್‌ನಟ್ ಸ್ಟಾಕ್ ಸಿಗ್ತಿದೆ, ತರಿಸ್ಲಾ?" ಏರ್ ರೈಫಲ್ ಇಟ್ಟುಕೊಂಡವರು ನನ್ನನ್ನು ಜಾಸ್ತಿ ಕೇಳೋದು ಇದನ್ನೇ. ಸ್ಟಾಕ್ ಅಂದರೆ ರೈಫಲ್‌ನ ಲೋಹದ ಭಾಗ ಕೂರುವ, ಭುಜಕ್ಕೆ ಆನಿಸುವ ಮರದ ಹಿಡಿ. ತರಿಸಿ. ಆದರೆ ಪಾರ್ಸೆಲ್ ಬಿಚ್ಚಿದ ಕೂಡಲೇ ಸ್ಕ್ರೂ ಬಿಗಿದು ಗುರಿ ಹಿಡಿಯಬಹುದು ಅಂದುಕೊಳ್ಳಬೇಡಿ. ಬದಲಿ ಸ್ಟಾಕ್ ಅಂದರೆ ಅರ್ಧ ಮುಗಿದ ಕೆಲಸ. ಉಳಿದರ್ಧ ನೀವು ಮಾಡಬೇಕು, ಇಲ್ಲವೇ ಕೈ ಪಳಗಿದ ಬಡಗಿಯಿಂದ ಮಾಡಿಸಬೇಕು.

ನೋಡೋಕೆ ಚೆಂದ ಇದ್ದರೆ ಸಾಲದಾ? ಸ್ಪ್ರಿಂಗ್ ರೈಫಲ್‌ಗೆ ಸಾಲದು. ಟ್ರಿಗರ್ ಎಳೆದಾಗ ಸ್ಪ್ರಿಂಗ್ ತಳ್ಳುವ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಮರುಕ್ಷಣವೇ ಪಿಸ್ಟನ್ ಒತ್ತಿದ ಗಾಳಿಗೆ ತಾಗಿ ನಿಲ್ಲುತ್ತದೆ, ರೈಫಲ್ ಮುಂದಕ್ಕೆ ಜಗ್ಗುತ್ತದೆ. ಒದೆತ ಶುರುವಾದಾಗ ಪೆಲೆಟ್ (ಪುಟ್ಟ ಗುಂಡು) ಇನ್ನೂ ನಳಿಗೆಯೊಳಗೇ ಇರುತ್ತದೆ. ಈ ಎರಡೂ ಕಡೆಯ ಹೊಡೆತವನ್ನು ತಡೆಯುವುದು ಮೂರ್ನಾಲ್ಕು ಸ್ಕ್ರೂ ಮತ್ತು ಅವು ಕೂತಿರುವ ಮರ, ಅಷ್ಟೇ. ಅಲ್ಲಿ ಕೂದಲೆಳೆ ಸಡಿಲವಿದ್ದರೂ ಪೆಲೆಟ್‌ಗಳು ಒಂದೊಂದು ಒಂದೊಂದು ಕಡೆ ಬೀಳುತ್ತವೆ. ಜನ ಸುಮ್ನೆ ಸ್ಕೋಪನ್ನು ಬೈಯುತ್ತಾರೆ.

ಮಾಡೆಲ್ ಹೆಸರನ್ನೊಂದೇ ನಂಬಬೇಡಿ. ಬ್ರಿಟನ್ನಿನ ಏರ್ ರೈಫಲ್ ಬಿಎಸ್‌ಎ ಮೀಟಿಯರ್ ಬಂದಿದ್ದು 1959ರಲ್ಲಿ. ಆಮೇಲೆ ಅದೇ ಹೆಸರಿನಲ್ಲಿ ಎಷ್ಟೋ 'ಮಾರ್ಕ್'ಗಳು, ಅಂದರೆ ಬದಲಾದ ಆವೃತ್ತಿಗಳು, ಬಂದವು. ಬರೀ 'ಮೀಟಿಯರ್ ಸ್ಟಾಕ್' ಅಂತ ಕೇಳಿದರೆ ಯಾವುದು ಬರುತ್ತದೋ ಹೇಳಲಾಗದು. ಜರ್ಮನಿಯ ಡಯಾನಾ 35 ನೋಡಿಕೊಂಡು ನಮ್ಮ ದೇಶದಲ್ಲಿ ಮಾಡಿದ ರೈಫಲ್‌ಗಳ ಕಥೆ ಇನ್ನೂ ಕಷ್ಟ. ಒಂದರ ಸ್ಟಾಕ್ ಪಕ್ಕದ ಇನ್ನೊಂದಕ್ಕೇ ಕೂರದೆ ಇರಬಹುದು.

ಸಾಮಾನ್ಯವಾಗಿ ಎಡವಟ್ಟಾಗುವುದು ಸ್ಕ್ರೂ ತೂತಿನಲ್ಲಿ. ಮುಂದಿನ ಎರಡು ಸಲೀಸಾಗಿ ಹೋಗುತ್ತವೆ, ಟ್ರಿಗರ್ ಗಾರ್ಡ್‌ನದು ಒಂದು ಮಿಲಿಮೀಟರ್ ಆಚೆ ನಿಲ್ಲುತ್ತದೆ. ಆಗ ತೂತನ್ನು ಅರದಿಂದ ಉಜ್ಜಿ ಅಗಲ ಮಾಡುವವರೇ ಜಾಸ್ತಿ. ಮಾಡಬೇಡಿ, ಒದೆತ ತಡೆಯುತ್ತಿದ್ದದ್ದೇ ಆ ತೂತಿನ ಅಂಚು. ಅದನ್ನು ಗಟ್ಟಿ ಮರದ ಬೆಣೆಯಿಂದ ಮುಚ್ಚಿ, ಸರಿಯಾದ ಜಾಗದಲ್ಲಿ ಹೊಸದಾಗಿ ಕೊರೆಯಿರಿ. ಸಾಧ್ಯವಾದರೆ ಒಳಗೆ ಅಲ್ಯೂಮಿನಿಯಂ ಕೊಳವೆ ಕೂರಿಸಿ ಎಪಾಕ್ಸಿ ತುಂಬಿ. ಆಗ ಸ್ಕ್ರೂ ಬಿಗಿದಷ್ಟೂ ಮರ ಜಜ್ಜುವುದಿಲ್ಲ.

ಗೂಡು, ಅಂದರೆ ರೈಫಲ್‌ನ ಲೋಹದ ಭಾಗ ಕೂರಲು ಸ್ಟಾಕ್‌ನಲ್ಲಿ ಕೊರೆದ ಜಾಗ, ಸರಿಯಿದೆಯಾ ನೋಡೋಕೆ ಕಾಡಿಗೆ ಸಾಕು. ಮೊದಲು ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಸ್ಟಾಕ್‌ನಿಂದ ತೆಗೆದ ರೈಫಲ್‌ನ ಸ್ಪ್ರಿಂಗ್ ಎಳೆಯಲೇಬಾರದು. ರೈಫಲ್‌ನ ಲೋಹದ ಕೊಳವೆಯ ಅಡಿಗೆ ತೆಳ್ಳಗೆ ಕಾಡಿಗೆ ಸವರಿ, ಸ್ಟಾಕ್‌ನಲ್ಲಿಟ್ಟು ಒತ್ತಿ, ತೆಗೆಯಿರಿ. ಕಪ್ಪು ಮರದ ಉದ್ದಕ್ಕೂ ಎರಡೂ ಕಡೆ ಅಂಟಿರಬೇಕು. ಎಲ್ಲೋ ಒಂದು ಚುಕ್ಕೆ ಮಾತ್ರ ಮೂಡಿದ್ದರೆ ರೈಫಲ್ ಅಲ್ಲೇ ತೂಗಾಡುತ್ತದೆ. ಆ ಚುಕ್ಕೆಯನ್ನಷ್ಟೇ ಉಳಿಯಿಂದ ಕೆರೆದು ಮತ್ತೆ ಇಟ್ಟು ನೋಡಿ. ಬೇಜಾರಿನ ಕೆಲಸ ಹೌದು, ಆದರೆ ಒಮ್ಮೆ ಕೆರೆದ ಮರ ವಾಪಸ್ ಬರೋದಿಲ್ಲ ಅಲ್ವಾ? ನಳಿಗೆ ಮಡಚುವ ರೈಫಲ್ ಆದರೆ ಕೆಳಗಿನ ಸೀಳೂ ಅಗಲವಿರಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಎಳೆಯುವ ಲಿವರ್ ಮರಕ್ಕೆ ಉಜ್ಜುತ್ತದೆ.

ಮರದ ವಿಷಯಕ್ಕೆ ಬಂದರೆ, ಹೊಳಪಿಗೆ ಮರುಳಾಗಬೇಡಿ. ದಪ್ಪ ಪಾಲಿಶ್ ಕೆಳಗೆ ಪುಟ್ಟಿ ತುಂಬಿದ ಬಿರುಕು ಇರಬಹುದು. ಕೈ ಹಿಡಿಯುವ ಸಣ್ಣ ಜಾಗದಲ್ಲಿ ಮರದ ಎಳೆ ಉದ್ದಕ್ಕೆ ಹೋಗಿರಬೇಕು. ಅಡ್ಡ ಹೋಗಿದ್ದರೆ ಒಂದಲ್ಲ ಒಂದು ದಿನ ಅಲ್ಲೇ ಮುರಿಯುತ್ತದೆ. ಇನ್ನೊಂದು ಕಳ್ಳತನ: ಹೊರಗೆ ಕನ್ನಡಿಯಂಥ ಪಾಲಿಶ್, ಒಳಗಿನ ಗೂಡು ಎಣ್ಣೆ, ಪಾಲಿಶ್ ಏನೂ ಕಾಣದ ಬರೀ ಮರ. ಮಂಗಳೂರಿನ ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಕಲಬುರಗಿಯ ಬೇಸಿಗೆಯಲ್ಲಿ ಕುಗ್ಗುತ್ತದೆ. ಮರ ಹಿಗ್ಗಿ ಕುಗ್ಗುವುದು ಎಳೆಗೆ ಅಡ್ಡವಾಗಿ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ವಿದೇಶಿ ಸ್ಟಾಕ್‌ಗಳಲ್ಲಿ ಸಾಮಾನ್ಯವಾದ ಬೀಚ್ ಮರ ಹಸಿಯಿಂದ ಪೂರ್ತಿ ಒಣಗುವಾಗ ಅಡ್ಡಕ್ಕೆ ಶೇ. 11ಕ್ಕೂ ಹೆಚ್ಚು ಕುಗ್ಗಬಲ್ಲದು. ತೇಗ ಸುಮಾರು ಅದರ ಅರ್ಧ. ಹಾಗಾಗಿ ಇಲ್ಲೇ ಮಾಡಿಸುವುದಾದರೆ ನಾನು ತೇಗ ಅನ್ನುತ್ತೇನೆ. ಉಳಿಯ ಬಾಯಿ ಬೇಗ ಮೊಂಡಾಗುತ್ತೆ ಅಂತ ಬಡಗಿ ಗೊಣಗಬಹುದು, ಗೊಣಗಲಿ. ಯಾವ ಮರವಾದರೂ ಗೂಡಿನೊಳಗೆ ಅಗಸೆ ಎಣ್ಣೆ ತೆಳ್ಳಗೆ ಸವರಿ, ಒಣಗಿದ ಮೇಲೇ ಜೋಡಿಸಿ.

ತರಿಸುವ ಮುಂಚೆ ಮಾರುವವರಿಂದ ಗೂಡಿನ ಒಳಗಿನ ಫೋಟೋ ಕೇಳಿ. ಸ್ಕ್ರೂನಿಂದ ಸ್ಕ್ರೂಗೆ ಎಷ್ಟು ದೂರ ಅಂತಲೂ ಕೇಳಿ. ಹೇಳೋಕೆ ತಡಬಡಾಯಿಸಿದರೆ ಬಿಟ್ಟುಬಿಡಿ. ಸೀಳಿದ ಹಳೇ ಸ್ಟಾಕನ್ನು ಮಾತ್ರ ಒಲೆಗೆ ಹಾಕಬೇಡಿ. ಎಳೆಯುದ್ದಕ್ಕೆ ಹೋದ ಸೀಳನ್ನು ಎಪಾಕ್ಸಿ ತುಂಬಿ ಕ್ಲ್ಯಾಂಪ್ ಹಾಕಿದರೆ ಎಷ್ಟೋ ಸಲ ಉಳಿಸಬಹುದು. ಉಳಿಯದಿದ್ದರೂ, ಬಡಗಿಗೆ ಅದಕ್ಕಿಂತ ಒಳ್ಳೆಯ ಅಳತೆ ಬೇರೆ ಸಿಗುವುದಿಲ್ಲ.