ಏಳನೇ ಕ್ಲಾಸಿನವರಿಗೆ ಏನೂ ಇಲ್ಲ ಮೇಡಂ

"ಏಳನೇ ಕ್ಲಾಸ್ ಮುಗೀತಾ? ಅಯ್ಯೋ, ದೊಡ್ಡೋಳಾದಳಲ್ಲ ಮೇಡಂ! ನಮ್ಮದೇನಿದ್ರೂ ಹತ್ತು ವರ್ಷದೊಳಗಿನ ಮಕ್ಕಳಿಗೆ."

ಇದು ಬೇಸಿಗೆ ಶಿಬಿರದ ಕೌಂಟರಿನಲ್ಲಿ ಕೇಳಿದ್ದು. ಅಲ್ಲಿಂದ ಸ್ಕೂಟಿ ತಿರುಗಿಸಿ ಎರಡು ಕ್ರಾಸ್ ದಾಟಿದರೆ ಒಂದು ಕೋಚಿಂಗ್ ಸೆಂಟರ್. ಅಲ್ಲಿದ್ದ ಹುಡುಗ ಅಂದ, "ಈಗ ಎಂಟನೇ ಕ್ಲಾಸಾ? ಇನ್ನೂ ಚಿಕ್ಕೋಳು. ಆದ್ರೂ ಪರವಾಗಿಲ್ಲ, ಈಗಿಂದಾನೇ ನೀಟ್ ಫೌಂಡೇಶನ್‌ಗೆ ಹಾಕಿಬಿಡಿ."

ಮಗಳು ಎರಡೂ ಕಡೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಆಗ ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ ಶುರುವಾಯಿತು. ಪಾತ್ರೆ ತೊಳಿ ಅಂದರೆ "ನಾನಿನ್ನೂ ಚಿಕ್ಕೋಳು". ಮೊಬೈಲ್ ಇಡು ಅಂದರೆ "ದೊಡ್ಡೋಳಾದೆ ಅಂದ್ರಲ್ಲ ಆ ಆಂಟಿ". ಅವಳಪ್ಪನಿಗೆ ನಗು. ಅವರಿಗೇನು, ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ರಾತ್ರಿ. ಶಿಬಿರ ಹುಡುಕುವ ಕೆಲಸ ತಾಯಂದಿರದ್ದು ಅಂತ ಯಾರು ಬರೆದಿಟ್ಟರೋ ಗೊತ್ತಿಲ್ಲ.

ನಾನೂ ನಕ್ಕೆ. ಆದರೆ ಆ ಮೊದಲ ಮಾತು ಈ ವಾರವೆಲ್ಲ ಕಿವಿಯಲ್ಲೇ ಇದೆ. "ದೊಡ್ಡೋಳಾದಳಲ್ಲ" ಅಂತ ಆಕೆ ಅಷ್ಟು ಜೋರಾಗಿ ಅಂದಾಗ, ಪಕ್ಕದಲ್ಲಿ ಫಾರಂ ತುಂಬುತ್ತಿದ್ದ ಗಂಡಸರು ತಲೆಯೆತ್ತಿ ನೋಡಿದರು. ಮಗಳು ಬ್ಯಾಗನ್ನು ಎದೆಗೆ ಒತ್ತಿಕೊಂಡಳು. ಆಕೆ ಹೇಳಿದ್ದು ವಯಸ್ಸಿನ ಲೆಕ್ಕ ಅಷ್ಟೇ. ಕೆಟ್ಟ ಹೆಂಗಸೇನಲ್ಲ, ಬಿಸಿಲಲ್ಲಿ ಬಂದಿದ್ದೀರಿ ಅಂತ ನೀರು ಕೊಟ್ಟಳು. ಆದರೂ ಮಗಳು ಆ ಬ್ಯಾಗು ಹಿಡಿದುಕೊಂಡ ರೀತಿ ಇದೆಯಲ್ಲ, ಅದನ್ನು ನಾನು ಬೇರೆ ಹುಡುಗಿಯರಲ್ಲಿ ನೋಡಿದ್ದೆ. ಇವಳಲ್ಲಿ ಇದೇ ಮೊದಲು.

ಕೌಂಟರಿನಲ್ಲಿ ಕೊಟ್ಟ ಪಾಂಪ್ಲೆಟ್ ಇನ್ನೂ ಫ್ರಿಜ್ಜಿನ ಮೇಲಿದೆ. ಡ್ರಾಯಿಂಗ್, ಮಣ್ಣಿನ ಗೊಂಬೆ, ಫ್ಯಾನ್ಸಿ ಡ್ರೆಸ್, ಬೆಂಕಿಯಿಲ್ಲದ ಅಡುಗೆ. ನಮ್ಮವಳು ಬೆಂಕಿ ಹಚ್ಚಿಯೇ ಚಿತ್ರಾನ್ನ ಮಾಡುತ್ತಾಳೆ, ಒಗ್ಗರಣೆ ಸ್ವಲ್ಪ ಸೀಯುತ್ತದೆ ಅಷ್ಟೇ. ಈ ಮಿಡ್ಲ್ ಸ್ಕೂಲ್ ವಯಸ್ಸೇ ಹಾಗೆ. ಬಣ್ಣ ತುಂಬಿಸಲು ಕೂರಿಸಿದರೆ ಅವಮಾನ, ಫೌಂಡೇಶನ್ನಿಗೆ ಕೂರಿಸಿದರೆ ಶಿಕ್ಷೆ. ಇವೆರಡರ ಮಧ್ಯೆ ದಾವಣಗೆರೆಯಂಥ ಊರಲ್ಲಿ ನನಗೆ ಸಿಕ್ಕಿದ್ದು ಕರಾಟೆ, ಅಬ್ಯಾಕಸ್ ಮತ್ತು ಕ್ರಿಕೆಟ್ ಕೋಚಿಂಗ್. ಕ್ರಿಕೆಟ್ಟಿಗೆ ಹುಡುಗಿಯರು ಬರ್ತಾರಾ ಅಂತ ಕೇಳಿದೆ. "ಬರಬಹುದು ಮೇಡಂ, ಯಾರೂ ಬಂದಿಲ್ಲ" ಅಂದರು.

ಹರಿಹರದ ಹತ್ತಿರ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ ಇದೆ. ಗುಡ್ಡ, ಕಾಡು, ಪಕ್ಕದಲ್ಲೇ ಕೆರೆ. ಈ ವಯಸ್ಸಿನವರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಮಗಳ ಶಾಲೆಯಲ್ಲಿ ಗೈಡ್ಸ್ ಇಲ್ಲ. ಸ್ಮಾರ್ಟ್ ಕ್ಲಾಸ್ ಇದೆ. ತಮಾಷೆ ಅಂದರೆ, ಹಳ್ಳಿಯಲ್ಲಿರುವ ನನ್ನ ಅಣ್ಣನ ಮಗಳೇ ವಾಸಿ. ಅವರ ಪಂಚಾಯಿತಿ ಗ್ರಂಥಾಲಯದಲ್ಲಿ 'ಓದುವ ಬೆಳಕು' ಅಂತ 2020ರಿಂದ 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಅವಳು ಅಲ್ಲಿ ಕೂತು ಕತೆ ಪುಸ್ತಕ ಓದುತ್ತಾಳೆ, ಚೆಸ್ ಆಡುತ್ತಾಳೆ. 6ರಿಂದ 18! ಅಲ್ಲಿ ಯಾರೂ ಅವಳನ್ನು ಚಿಕ್ಕೋಳೋ ದೊಡ್ಡೋಳೋ ಅಂತ ಅಳೆಯುವುದಿಲ್ಲ.

ಹಾಗಾದರೆ ಹಳ್ಳಿಗೇ ಕಳಿಸು ಅಂತೀರಿ. ನಮ್ಮ ಅತ್ತೆಯವರೂ ಅದನ್ನೇ ಅನ್ನುವುದು. ವಾಟ್ಸಾಪಿನಲ್ಲಂತೂ ಏಪ್ರಿಲ್ ಬಂದರೆ ಸಾಕು, 'ನಮ್ಮ ಕಾಲದ ಬೇಸಿಗೆ ರಜೆ' ಅಂತ ಉದ್ದುದ್ದ ಬರಹ. ಬಾವಿಯಲ್ಲಿ ಈಜಿದ್ದು, ಮಾವಿನಕಾಯಿ ಕದ್ದಿದ್ದು, ಕತ್ತಲಾದ ಮೇಲೆ ಮನೆ ಸೇರಿದ್ದು. ಬರೆದವರ ಹೆಸರು ನೋಡಿ, ಜಾಸ್ತಿ ಗಂಡಸರೇ. ಬಾವಿಗೆ ಹಾರುತ್ತಿದ್ದವನು ನನ್ನ ಅಣ್ಣ. ನಾನು ಅಜ್ಜಿ ಮನೆ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದೆ. ಆಮೇಲೆ ಮಾಳಿಗೆ ಮೇಲೆ ಹಪ್ಪಳ ಒಣಹಾಕಿ ಕಾಗೆ ಕಾಯುವುದು. ಅದರಲ್ಲೂ ಖುಷಿ ಇತ್ತು, ಇಲ್ಲ ಅನ್ನಲ್ಲ. ಆದರೆ ಆ ರಜೆಯ ಬಗ್ಗೆ ಯಾರೂ ಉದ್ದುದ್ದ ಬರೆಯುವುದಿಲ್ಲ.

ನಮ್ಮ ಬೀದಿಯಲ್ಲಿ ಈಗಲೂ ನೋಡಿ. ಸಂಜೆ ಐದಾದರೆ ಹುಡುಗರ ಕ್ರಿಕೆಟ್. ಮೊನ್ನೆ ಮೊನ್ನೆವರೆಗೂ ಬಾಲ್ ಹಿಡಿಯುತ್ತಿದ್ದ ಹುಡುಗಿಯರು ಆರನೇ ಕ್ಲಾಸ್ ಮುಗಿಯುವ ಹೊತ್ತಿಗೆ ಒಬ್ಬೊಬ್ಬರೇ ಗೇಟಿನ ಒಳಗೆ ಸೇರುತ್ತಾರೆ. ಯಾರೂ ಬೈದು ಒಳಗೆ ಕೂರಿಸಿದ್ದಲ್ಲ. "ಇವತ್ತು ಬೇಡ ಬಿಡು" ಅಂತ ಒಂದು ದಿನ, "ಬಿಸಿಲು" ಅಂತ ಇನ್ನೊಂದು ದಿನ. ಆಮೇಲೆ ಅವರೇ ಬರುವುದಿಲ್ಲ.

ಏನೂ ಸಿಗದೆ ಬೇಸತ್ತು, ಭಾನುವಾರ ಮಗಳನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಅರವತ್ತು ಕಿಲೋಮೀಟರ್. ಸರ್ಕಾರಿ ಬಸ್ಸಿನ ಕಂಡಕ್ಟರ್ ಇಬ್ಬರ ಆಧಾರ್ ನೋಡಿ, ಶಕ್ತಿ ಯೋಜನೆಯ ಎರಡು ಫ್ರೀ ಟಿಕೆಟ್ ಹರಿದುಕೊಟ್ಟ. ಕೋಟೆಯ ಕೌಂಟರಿನಲ್ಲಿ ನನಗೊಬ್ಬಳಿಗೇ ಟಿಕೆಟ್, 15 ವರ್ಷದೊಳಗಿನವರಿಗೆ ಬೇಡ ಅಂದರು. "ಬಸ್ಸಲ್ಲಿ ಲೇಡೀಸು, ಇಲ್ಲಿ ಮಗು" ಅಂತ ಮಗಳು ಕುಣಿದಳು. ಎರಡೂ ಕಡೆ ಲಾಭ ಆಯಿತಲ್ಲ, ಅದಕ್ಕೆ ಖುಷಿ.

ಓಬವ್ವನ ಕಿಂಡಿಯಲ್ಲಿ ಸೆಲ್ಫಿಯವರ ಸಾಲು. ಅವಳಿಗೆ ಅದು ಬೇಕಾಗಿರಲಿಲ್ಲ. ಅವಳು ನಿಂತಿದ್ದು ಹೊಂಡದ ಹತ್ತಿರ. ಬಂಡೆಗಳ ಮೇಲೆ ಬಿದ್ದ ಮಳೆ ಹರಿದು ಗೋಪಾಲಸ್ವಾಮಿ ಹೊಂಡ ತುಂಬುತ್ತದೆ. ಅದು ಹೆಚ್ಚಾದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರೊಳಗಿನ ಸಂತೆ ಹೊಂಡಕ್ಕೆ. ಮಳೆ ಕಡಿಮೆ ಇರುವ ಈ ಒಣ ಬೆಟ್ಟದಲ್ಲಿ ಪಾಳೇಗಾರರ ಕಾಲದ ಜನ ಒಂದು ಹನಿಯನ್ನೂ ಬಿಡದೆ ಹಿಡಿದಿಟ್ಟಿದ್ದರು. ಗೈಡ್ ಇದನ್ನು ಹೇಳುತ್ತಿದ್ದರೆ ಮಗಳು ಕಲ್ಲಿನ ಇಳಿಜಾರಿನ ಮೇಲೆ ಬೆರಳಿಟ್ಟು ನೀರಿನ ದಾರಿ ಹುಡುಕುತ್ತಿದ್ದಳು. ಆಮೇಲೆ ಅವರನ್ನೇ ಕೇಳಿದಳು, "ಅಂಕಲ್, ಆಗ ಇಲ್ಲಿ ಹುಡುಗೀರು ಈಜ್ತಿದ್ರಾ?"

"ಇಷ್ಟು ನೀರಿಟ್ಟುಕೊಂಡು ಈಜದೇ ಇರ್ತಾರಾ ತಾಯಿ" ಅಂದರು ಗೈಡ್. ಅವರಿಗೆ ಗೊತ್ತಿತ್ತೋ ಸುಮ್ನೆ ಅಂದರೋ, ನನಗಂತೂ ಆ ಮನುಷ್ಯ ಇಷ್ಟವಾದ.

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳೇ ಹೇಳಿದಳು, "ಅಮ್ಮಾ, ನಂಗೆ ಈಜು ಕಲಿಸು."

ನಮ್ಮ ಕಡೆ ಈಜು ಅಂದರೆ ಮೊದಲು ಭಯ. ಭದ್ರಾ ನಾಲೆ ಇದೆಯಲ್ಲ, ರಜೆಯಲ್ಲಿ ನಾಲೆಗಿಳಿದ ಹುಡುಗರ ಸುದ್ದಿ ಪೇಪರಿನಲ್ಲಿ ಓದಿ ಓದಿ ಎದೆ ಒಣಗಿದೆ. ಅದಕ್ಕೇ ಕಲಿಯಬೇಕು ಅನ್ನುವುದು ನನ್ನ ವಾದ. ಈಜುಕೊಳದಲ್ಲಿ ವಿಚಾರಿಸಿದೆ. ಹೆಂಗಸರ ಬ್ಯಾಚ್ ಬೆಳಿಗ್ಗೆ ಹನ್ನೊಂದಕ್ಕೆ, ನೆತ್ತಿ ಸುಡುವ ಹೊತ್ತಿಗೆ. ತಂಪು ಹೊತ್ತೆಲ್ಲ ಗಂಡಸರಿಗೆ. ಕಲಿಸುವ ಹೆಣ್ಣುಮಗಳಿಗೆ ಮಾತ್ರ ಮಗಳ ವಯಸ್ಸು ಬೇಕಿರಲಿಲ್ಲ, ಎತ್ತರ ಕೇಳಿದಳು.

"ಹನ್ನೊಂದರ ಬಿಸಿಲಾಗೆ ಹುಡುಗಿ ಕರ್ರಗಾಗ್ತಾಳೆ ಕಣವ್ವ" ಅಂದರು ಅತ್ತೆ. ಆಗಲಿ ಬಿಡಿ ಅತ್ತೆ ಅಂದೆ. ಅವರು ಮತ್ತೇನೂ ಅನ್ನಲಿಲ್ಲ. ಆದರೆ ಸಂಜೆ ಪಕ್ಕದ ಬೀದಿ ಟೈಲರ್ ಹತ್ತಿರ ಹೋಗಿ, ಮೊಣಕಾಲು ಮುಚ್ಚುವ ಈಜುಡುಗೆ ಹೊಲಿಯಲು ಬರುತ್ತದಾ ಅಂತ ಕೇಳಿಕೊಂಡು ಬಂದಿದ್ದಾರೆ!

ಸೋಮವಾರದಿಂದ ಬ್ಯಾಚು. ನಾನು ಆಫೀಸಿಗೆ ಅರ್ಧ ದಿನ ತಡವಾಗಿ ಹೋಗುತ್ತೇನೆ, ಒಂದು ವಾರ ಅಪ್ಪ ಅಂಗಡಿ ಬಿಟ್ಟು ಬರುತ್ತಾರಂತೆ, ನೋಡೋಣ. ಒಬ್ಬಳೇ ಹೋಗಲು ಮಗಳಿಗೆ ಮುಜುಗರ. ಎದುರುಮನೆ ಹುಡುಗಿಗೂ ಆಸೆ ಇದೆ, ಅವರ ಅಪ್ಪ ಬಿಡುವುದು ಕಷ್ಟ. ನಾಳೆ ಅವರ ಮನೆಗೆ ಹೋಗಿ ಮಾತಾಡಬೇಕು. ಅವರ ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ, ಮೊದಲು ಅಮ್ಮನ ಹತ್ತಿರ.