ಮುಕ್ಕಾಲಿ ಮೇಲಿನ ಗಾಳಿ

ಜೂನ್ 15, 2024, ಶನಿವಾರ
ರೋನ್ ಬೆಟ್ಟಗಳು, ಜರ್ಮನಿ

ಕೈ ಇನ್ನೂ ಸ್ವಲ್ಪ ನಡುಗುತ್ತಿದೆ. ಮರೆಯುವ ಮೊದಲೇ ಬರೆದಿಡುತ್ತೇನೆ.

ಬೆಳಿಗ್ಗೆಯಿಂದ ಪಶ್ಚಿಮದ ಗಾಳಿ ಜೋರಾಗಿತ್ತು, ಗಂಟೆಗೆ ಸುಮಾರು 30 ಕಿ.ಮೀ. ನಮ್ಮದು ಎರಡು ಸೀಟಿನ ಎಎಸ್‌ಕೆ 21 ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ. ಇದು ತಯಾರಾಗುವುದು ಇಲ್ಲೇ, ವಾಸರ್‌ಕುಪ್ಪೆ ಬೆಟ್ಟದ ಬುಡದ ಪೊಪ್ಪೆನ್‌ಹೌಸೆನ್‌ನಲ್ಲಿ. 1920ರಲ್ಲಿ ಮೊದಲ ಗ್ಲೈಡರ್ ಸ್ಪರ್ಧೆ ನಡೆದ ಬೆಟ್ಟ ಅದು. ಅದನ್ನು ನೋಡುತ್ತಾ ಹಾರುವುದೇ ಒಂದು ಖುಷಿ.

ತಪ್ಪಾದದ್ದು ಇಳಿಯುವಾಗ. ಗಾಳಿ ಇಲ್ಲದ ದಿನ 90 ಕಿ.ಮೀ. ವೇಗದಲ್ಲಿ ಬಂದರೆ ಸಾಕು. ಇದು ನೆಲದ ಲೆಕ್ಕವಲ್ಲ, ರೆಕ್ಕೆಗೆ ಎದುರಾಗುವ ಗಾಳಿಯ ವೇಗ. ಎದುರುಗಾಳಿ ಇದ್ದರೆ ಅದರ ಅರ್ಧದಷ್ಟು ಸೇರಿಸಬೇಕು. ಅಂದರೆ ಇವತ್ತು 105 ಇರಬೇಕಿತ್ತು. ನಾನು 90ರಲ್ಲೇ ಬಂದೆ.

ಮರಗಳ ಎತ್ತರಕ್ಕೆ ಇಳಿದದ್ದೇ ತಡ, ಕೆಳಗಿನ ಗಾಳಿಯೇ ಜಾರಿಹೋದಂತಾಯಿತು. ಆ ವೇಗ ತೋರಿಸುವ ಮುಳ್ಳು 75ಕ್ಕೆ ಬಂತು. 65ರ ಆಸುಪಾಸಿನಲ್ಲಿ ರೆಕ್ಕೆ ಎತ್ತುವುದನ್ನೇ ಬಿಡುತ್ತದೆ. ನೆಲ ಮೇಲೆ ಬರುತ್ತಿರುವುದು ಕಂಡು ನನ್ನ ಕೈ ತಾನಾಗಿ, ಮೂತಿ ಮೇಲೆತ್ತಲು, ಸ್ಟಿಕ್ಕನ್ನು ಹಿಂದಕ್ಕೆ ಎಳೆಯಿತು. ಹಿಂದೆ ಕೂತಿದ್ದ ಗುರುಗಳು ಏರ್‌ಬ್ರೇಕ್ (ಬೇಗ ಇಳಿಯಲು ರೆಕ್ಕೆಯಿಂದ ಎದ್ದು ನಿಲ್ಲುವ ಪಟ್ಟಿ) ಮುಚ್ಚಿ, ಸ್ಟಿಕ್ಕನ್ನು ಮುಂದಕ್ಕೆ ತಳ್ಳಿ ಮೂತಿ ಕೆಳಗೆ ಮಾಡಿದರು. ಹಾಗೆ ವೇಗ ಬಂತು, ಹುಲ್ಲಿನ ಮೇಲೆ ಇಳಿದೆವು. ನೆಲ ಹತ್ತಿರ ಇರುವಾಗ ನೆಲದ ಕಡೆಗೇ ತಳ್ಳಬೇಕು! ಅದನ್ನು ಕೈಗೆ ಕಲಿಸುವುದು ಸುಲಭವಲ್ಲ.

ಆಮೇಲೆ ಬೆಂಚಿನ ಮೇಲೆ ಕೂತಾಗ ತಾತ ನೆನಪಾದರು. ಕಣದಲ್ಲಿ ರಾಗಿ ತೂರುವಾಗ ಅವರು ಮುಕ್ಕಾಲಿ ಹತ್ತಿ ನಿಂತು ಮೊರ ಎತ್ತುತ್ತಿದ್ದರು. ನೆಲದ ಹತ್ತಿರ ಗಾಳಿ ಸಾಲದು, ಹೊಟ್ಟು ಹಾರುವುದಿಲ್ಲ ಅನ್ನುತ್ತಿದ್ದರು. ಇಲ್ಲೂ ಅದೇ ಅಲ್ವಾ? ಹುಲ್ಲು, ಮರ, ದಿಬ್ಬ ಎಲ್ಲವೂ ಗಾಳಿಯನ್ನು ತಡೆಯುತ್ತವೆ. ಮೇಲೆ 30 ಇದ್ದದ್ದು ಕೆಳಗೆ 15 ಆಗಿತ್ತು. ಗ್ಲೈಡರ್‌ನ ಭಾರ ಅಷ್ಟು ಬೇಗ ವೇಗ ಹೆಚ್ಚಿಸಿಕೊಳ್ಳುವುದಿಲ್ಲ. ಹಾಗಾಗಿ ಕಡಿಮೆಯಾದ 15 ನೇರ ರೆಕ್ಕೆಯ ಲೆಕ್ಕದಿಂದಲೇ ಹೋಯಿತು.

ಮಧ್ಯಾಹ್ನ ಪೂರ್ವದ ಬೆಟ್ಟದಾಚೆ ಗುಡುಗು ಮೋಡ ಎದ್ದಿತು. ತಲೆಯ ಮೇಲೆ ಇನ್ನೂ ಬಿಸಿಲು. ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿತು, ಊರಲ್ಲಿ ಮುಂಗಾರಿಗೆ ಮುಂಚೆ ಧೂಳೆಬ್ಬಿಸಿ ಬರುತ್ತಲ್ಲ, ಹಾಗೆ. ಮಳೆಯ ಜೊತೆ ಮೋಡದಿಂದ ಬೀಳುವ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ಮೋಡಕ್ಕಿಂತ ಎಷ್ಟೋ ಮುಂದೆ ಬಂದುಬಿಡುತ್ತದೆ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಪೂರ್ತಿ ತಿರುಗಿ ಪಶ್ಚಿಮಕ್ಕೆ ಚಾಚಿತು.

ನಮ್ಮವರೊಬ್ಬರು ಇನ್ನೂ ಮೇಲಿದ್ದರು. ಹಳೆಯ ದಿಕ್ಕಿನಲ್ಲೇ ಇಳಿದಿದ್ದರೆ ಗಾಳಿ ಬೆನ್ನಿಗೆ. 90ರಲ್ಲಿ ಬಂದರೂ ಗಾಳಿಯ 30 ಸೇರಿ ನೆಲದ ಮೇಲೆ 120 ಆಗುತ್ತಿತ್ತು, ಮೈದಾನ ಸಾಲುತ್ತಿರಲಿಲ್ಲ. ಎಂಜಿನ್ ಇಲ್ಲ, ಮತ್ತೆ ಮೇಲೇರಿ ಸುತ್ತು ಹೊಡೆಯುವ ಮಾತೇ ಇಲ್ಲ. ರೇಡಿಯೋದಲ್ಲಿ ಹೇಳಿದೆವು. ಇನ್ನೂ 300 ಮೀಟರ್ ಎತ್ತರ ಇದ್ದದ್ದು ಪುಣ್ಯ, ಮೈದಾನದ ಇನ್ನೊಂದು ಬದಿಯಿಂದ ಬಂದು ಇಳಿದರು. ಚಕ್ರ ನಿಲ್ಲುವವರೆಗೆ ನಾವು ಯಾರೂ ಮಾತಾಡಲಿಲ್ಲ. ಗ್ಲೈಡರ್ ತಳ್ಳಿಕೊಂಡು ಶೆಡ್ ಸೇರುವಷ್ಟರಲ್ಲಿ ಮಳೆ ಹಿಡಿಯಿತು.

ಸಂಜೆ ಅಪ್ಪನಿಗೆ ಫೋನ್ ಮಾಡಿ, ತಾತನ ಮುಕ್ಕಾಲಿ ಎಷ್ಟು ಎತ್ತರ ಇತ್ತು ಅಂತ ಕೇಳಿದೆ. "ನನ್ನ ಸೊಂಟದಷ್ಟು. ಯಾಕೆ ಮಗಾ?" ಅಂದರು. ಎಲ್ಲ ಹೇಳಿದೆ. ಆ ಮುಕ್ಕಾಲಿ ಇನ್ನೂ ಹಿತ್ತಲಲ್ಲೇ ಇದೆಯಂತೆ.